ತಕ್ಕಡಿಯ ಮುಳ್ಳು ನಿಲ್ಲದವರು

"ನಿನಗೇನು ಕಮ್ಮಿ ಆಗಿದೆ ಹೇಳು?"

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಊಟಕ್ಕೆ, ಬಟ್ಟೆಗೆ, ಓದಿಗೆ, ಕೆಲಸಕ್ಕೆ ಯಾವುದಕ್ಕೂ ತೊಂದರೆಯಿಲ್ಲ ಅಂದಮೇಲೆ ಸಂಕಟಪಡುವ ಹಕ್ಕೂ ಇಲ್ಲ ಅನ್ನುವ ತೀರ್ಪು ಅದು. ಆ ರಾತ್ರಿ ಅಕ್ಕ ಫೋನಿನಲ್ಲಿ ಕೇಳಿದ್ದೂ ಹಾಗೆಯೇ. ತಂಗಿ ಮಾತ್ರ ಉತ್ತರ ಕೊಟ್ಟುಬಿಟ್ಟಳು. "ನಾನೇ ಕಮ್ಮಿ ಕಣಕ್ಕ."

ಈ ತಂಗಿಯನ್ನು 'ಅವಳು' ಎಂದಷ್ಟೇ ಕರೆಯುತ್ತೇನೆ. ಅವಳು ಒಬ್ಬಳಲ್ಲ. ಹತ್ತಿರದಿಂದ ಕಂಡ ಮೂರ್ನಾಲ್ಕು ಮಂದಿಯ ದಿನಗಳನ್ನು ಸೇರಿಸಿ, ಗುರುತು ಹತ್ತದಂತೆ ಊರು, ಉದ್ಯೋಗ ಬದಲಿಸಿ ಒಬ್ಬಳನ್ನಾಗಿ ಮಾಡಿಕೊಂಡಿದ್ದೇನೆ.

ಅವಳ ಆ ಶುಕ್ರವಾರ ಹೀಗಿತ್ತು. ಬೆಳಿಗ್ಗೆ ಹತ್ತೂವರೆಗೆ ಮೀಟಿಂಗಿನಲ್ಲಿ ಮ್ಯಾನೇಜರು, "ಈ ಶೀಟು ಯಾರು ಮಾಡಿದ್ದು? ಚೆನ್ನಾಗಿದೆ" ಅಂದರು. ಅಷ್ಟು ಸಾಕಾಯಿತು. ಹನ್ನೊಂದಕ್ಕೆ ಸಂಜೆ ಕಾಲೇಜಿನ ಎಂಬಿಎ ಫೀಸು ವಿಚಾರಿಸಿದಳು, ಜಿಮ್ಮಿಗೆ ದುಡ್ಡು ಕಟ್ಟಿದಳು, ಅಮ್ಮನಿಗೆ ಫೋನು ಮಾಡಿ "ಈ ಸಲ ಯುಗಾದಿಗೆ ಸೀರೆ ನಾನೇ ತರ್ತೀನಿ" ಅಂದಳು. ಒಂದೂಕಾಲಿಗೆ, ದಿನವೂ ಜೊತೆಗೆ ಉಣ್ಣುವ ಗೆಳತಿ ಇವಳನ್ನು ಕರೆಯದೆ ಇನ್ನಿಬ್ಬರೊಡನೆ ಕ್ಯಾಂಟೀನಿಗೆ ಹೋದದ್ದು ಕಣ್ಣಿಗೆ ಬಿತ್ತು. ಡಬ್ಬಿ ತೆರೆಯಲೇ ಇಲ್ಲ. ಎರಡು ಗಂಟೆಗೆ ವಾಶ್‌ರೂಮಿನ ಕನ್ನಡಿಯ ಮುಂದೆ ನಿಂತಿದ್ದವಳು ಬೆಳಗಿನವಳಾಗಿರಲಿಲ್ಲ. "ಥೂ, ನಿನ್ನ ಜನ್ಮಕ್ಕಿಷ್ಟು. ನಿನ್ನ ಜೊತೆ ಯಾರು ಕೂತು ಊಟ ಮಾಡ್ತಾರೆ?" ನಾಲ್ಕಕ್ಕೆ ಅದೇ ಗೆಳತಿ ಟಿಶ್ಯೂ ಪೇಪರಿನಲ್ಲಿ ಸುತ್ತಿದ ಮದ್ದೂರು ವಡೆ ತಂದು ಮೇಜಿನ ಮೇಲಿಟ್ಟು, "ನಿಂಗೇ ಅಂತ ತಂದೆ ಕಣೇ. ಆಗ ನೀನು ಕಾಲ್‌ನಲ್ಲಿದ್ದೆ" ಅಂದಳು. ಮತ್ತೆ ಲೋಕ ಸರಿಯಾಯಿತು. ರಾತ್ರಿ ಆ ಗೆಳತಿಗೆ ಉದ್ದದೊಂದು ಮೆಸೇಜು ಹೋಯಿತು, ನಿನ್ನಂಥವಳು ಏಳು ಜನ್ಮಕ್ಕೂ ಸಿಗಲ್ಲ ಅಂತೆಲ್ಲ. ತಿರುಗಿ ಬಂದದ್ದು ಒಂದು ಹೆಬ್ಬೆರಳಿನ ಚಿತ್ರ. ಹನ್ನೊಂದೂವರೆಗೆ ಅಕ್ಕನ ಫೋನು ಬಡಿದುಕೊಂಡಿತು.

ಒಂದೇ ದಿನದಲ್ಲಿ ಒಬ್ಬಳ ಬೆಲೆ ನಾಲ್ಕು ಸಲ ಬದಲಾಯಿತು. ನಾಲ್ಕೂ ಸಲ ತೂಗಿದವರು ಬೇರೆಯವರು. ತಾವು ತೂಗುತ್ತಿದ್ದೇವೆಂದು ಅವರಿಗೆ ಗೊತ್ತೂ ಇರಲಿಲ್ಲ.

ಒಂಬತ್ತು ಲಕ್ಷಣ, 256 ದಾರಿ

ವೈದ್ಯರು ಇದನ್ನು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅನ್ನುತ್ತಾರೆ, ಚಿಕ್ಕದಾಗಿ ಬಿಪಿಡಿ. ಕನ್ನಡದಲ್ಲಿ 'ಗಡಿರೇಖೆ ವ್ಯಕ್ತಿತ್ವ ದೋಷ' ಎಂದು ಬರೆಯುವವರಿದ್ದಾರೆ. ಆ 'ದೋಷ' ನನಗೆ ಹಿಡಿಸುವುದಿಲ್ಲ, ಜಾತಕದಿಂದ ಎದ್ದು ಬಂದ ಹಾಗಿದೆ. 'ಗಡಿ'ಯೂ ಅಷ್ಟಕ್ಕಷ್ಟೆ. 1938ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಆ ಪದ ಬಳಸಿ ಬರೆದಾಗ ಮನೋವೈದ್ಯರ ಬಳಿ ಇದ್ದದ್ದು ಮುಖ್ಯವಾಗಿ ಎರಡು ಗೂಡು. ಒಂದು ನ್ಯೂರೋಸಿಸ್, ಇನ್ನೊಂದು ಸೈಕೋಸಿಸ್. ಎರಡರಲ್ಲೂ ಸರಿಯಾಗಿ ಕೂರದ ರೋಗಿಗಳು ಗಡಿಯ ಮೇಲಿನವರಾದರು. ಆಮೇಲೆ ಆ ಗೂಡುಗಳೇ ಕಳಚಿಬಿದ್ದರೂ ಹೆಸರು ಮಾತ್ರ ಉಳಿದುಬಿಟ್ಟಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿ ಡಿಎಸ್‌ಎಂನ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಮೊಹರು ಒತ್ತಿತು.

ಈಗಿನ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳಿವೆ. ಬಿಟ್ಟುಹೋಗುತ್ತಾರೆಂಬ ಭಯ, ತಲೆಯ ಮೇಲೆ ಹೊತ್ತವರನ್ನೇ ನೆಲಕ್ಕೆ ಎತ್ತಿಹಾಕುವ ಸಂಬಂಧಗಳು, ದುಡುಕು, ತನಗೆ ತಾನೇ ಹಾನಿ ಮಾಡಿಕೊಳ್ಳುವುದು, ಗಂಟೆಗೊಮ್ಮೆ ಬದಲಾಗುವ ಮನಸ್ಸು, ಒಳಗೆಲ್ಲ ಟೊಳ್ಳೆಂಬ ಭಾವ, ತಡೆಯಲಾಗದ ಸಿಟ್ಟು, ಒತ್ತಡದಲ್ಲಿ ಹುಟ್ಟುವ ಅನುಮಾನ ಅಥವಾ ತಾನು ತನ್ನಿಂದಲೇ ಕಳಚಿಕೊಂಡಂತಾಗುವುದು. ಇವು ಎಂಟು. ಒಂಬತ್ತರಲ್ಲಿ ಯಾವುದಾದರೂ ಐದು ಸಾಕು. ಲೆಕ್ಕ ಹಾಕಿದರೆ ಒಂದೇ ಹೆಸರಿಗೆ 256 ದಾರಿ. ಹಾಗಾಗಿ ಇಬ್ಬರು ರೋಗಿಗಳ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿದ್ದರೂ ಇಬ್ಬರದೂ ಬಿಪಿಡಿಯೇ. ಇಂಟರ್‌ನೆಟ್ಟಿನಲ್ಲಿ ಓದಿ "ನಮ್ಮ ಹುಡುಗಿ ಹಾಗಿಲ್ಲವಲ್ಲ" ಅಂದುಕೊಳ್ಳುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ನೂರು ಜನರಲ್ಲಿ ಒಬ್ಬಿಬ್ಬರಿಗೆ ಇದು ಇರುತ್ತದೆಂದು ಅಂದಾಜು. ಆಸ್ಪತ್ರೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಗಳಲ್ಲಿ ಆ ಅಂತರ ಕರಗಿಹೋಗುತ್ತದೆ. ಗಂಡಸರು ಬಹುಶಃ ಬೇರೆ ಬಾಗಿಲಿಗೆ ಹೋಗುತ್ತಾರೆ, ಬಾರಿಗೋ ಪೊಲೀಸ್ ಠಾಣೆಗೋ.

ಒಂಬತ್ತನೆಯದನ್ನು ಬೇಕೆಂದೇ ಉಳಿಸಿಕೊಂಡೆ. ತಾನು ಯಾರು, ಎಂಥವಳು ಎಂಬ ಚಿತ್ರ ಒಂದೆಡೆ ನಿಲ್ಲದಿರುವುದೇ ಅದು. ತನ್ನನ್ನು ತಾನು ಕೀಳೆಂದು ಎಣಿಸುವುದು ಈ ಒಂಬತ್ತರಲ್ಲಿ ಎಲ್ಲಿಯೂ ಇಲ್ಲ. ಮೊದಲ ಸಲ ಗಮನಿಸಿದಾಗ ಅಚ್ಚರಿಯಾಗಿತ್ತು, ಯಾಕೆಂದರೆ ಇವರ ಬಾಯಲ್ಲಿ ಹಗಲಿರುಳು ಕೇಳುವುದು ಅದೇ ಮಾತು.

ಆತ್ಮಗೌರವವನ್ನು ಅಳೆಯಲು ಸಂಶೋಧಕರು ಇಂದಿಗೂ ಎತ್ತಿಕೊಳ್ಳುವುದು ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಹತ್ತು ವಾಕ್ಯಗಳ ಪಟ್ಟಿಯನ್ನು. ನ್ಯೂಯಾರ್ಕ್ ರಾಜ್ಯದ ಹತ್ತು ಹೈಸ್ಕೂಲುಗಳ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಅವರು ಅದನ್ನು ಬಳಸಿದ್ದರು. ಒಪ್ಪುತ್ತೀರೋ ಇಲ್ಲವೋ ಎಂದು ಗುರುತು ಹಾಕಿದರೆ ಒಂದು ಅಂಕಿ ಬರುತ್ತದೆ. ಬಿಪಿಡಿ ಇರುವವರ ಅಂಕಿ ಕಡಿಮೆಯೇ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಪಟ್ಟಿಯನ್ನು ಅವಳ ಕೈಗೆ ಶುಕ್ರವಾರ ಹನ್ನೊಂದಕ್ಕೆ ಕೊಟ್ಟಿದ್ದರೆ? ಎರಡಕ್ಕೆ ಕೊಟ್ಟಿದ್ದರೆ? ಜರ್ಮನಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೆಚ್ಚುಕಡಿಮೆ ಇದನ್ನೇ ಮಾಡಿತು. ರೋಗಿಗಳ ಕೈಗೆ ಪುಟ್ಟ ಯಂತ್ರ ಕೊಟ್ಟು, ಅವರು ತಮ್ಮ ಪಾಡಿಗೆ ಅಡುಗೆ ಮಾಡುತ್ತ, ಬಸ್ಸು ಕಾಯುತ್ತ ಇರುವಾಗಲೇ ದಿನಕ್ಕೆ ಹಲವು ಬಾರಿ, ನಾಲ್ಕು ದಿನ, ಈ ಗಳಿಗೆಯಲ್ಲಿ ನಿಮ್ಮ ಬಗ್ಗೆ ನಿಮಗೇನನ್ನಿಸುತ್ತಿದೆ ಎಂದು ಕೇಳಿತು. ಇತರರಿಗೆ ಹೋಲಿಸಿದರೆ ಇವರ ಅಂಕಿ ಕೆಳಗಿತ್ತು. ಜೊತೆಗೆ ಒಂದು ಗಳಿಗೆಯಿಂದ ಇನ್ನೊಂದಕ್ಕೆ ಬಹಳ ಹೆಚ್ಚು ಹೊಯ್ದಾಡುತ್ತಿತ್ತು.

ನಮ್ಮೂರ ಶೆಟ್ಟರ ಅಂಗಡಿಯಲ್ಲಿ ಹಿಂದೆ ಎರಡು ತಕ್ಕಡಿ ಇದ್ದವು. ಒಂದು ಯಾವಾಗಲೂ ಐವತ್ತು ಗ್ರಾಂ ಕಡಿಮೆ ತೋರಿಸುತ್ತಿತ್ತು. ಊರಿಗೆಲ್ಲ ಅದು ಗೊತ್ತಿದ್ದರಿಂದ, ತೂಗಿದ್ದರಲ್ಲಿ ಒಂದು ಹಿಡಿ ತೆಗೆದು ವ್ಯಾಪಾರ ನಡೆಯುತ್ತಿತ್ತು. ಇನ್ನೊಂದರ ಮುಳ್ಳು ನಿಲ್ಲುತ್ತಲೇ ಇರಲಿಲ್ಲ. ಫ್ಯಾನಿನ ಗಾಳಿಗೂ ವಾಲುತ್ತಿತ್ತು. ಅದರಲ್ಲಿ ಶೆಟ್ಟರು ಏನನ್ನೂ ತೂಗಲಿಲ್ಲ, ಅಟ್ಟಕ್ಕೆ ಹಾಕಿದರು. ಕೀಳರಿಮೆ ಎಂದು ನಾವು ಕರೆಯುವುದು ಮೊದಲನೆಯ ತಕ್ಕಡಿ. ಬಿಪಿಡಿ ಇರುವವರು ಎರಡನೆಯದರಲ್ಲೇ ದಿನವೂ ತೂಗಿಕೊಂಡು ಬದುಕಬೇಕು.

ಕಂಪ್ಯೂಟರ್ ಎಸೆದ ಚೆಂಡು

ಮುಳ್ಳು ವಾಲುವುದು ಯಾವ ಗಾಳಿಗೆ? ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞ ಕಟ್ಟಿದ 'ಸೈಬರ್‌ಬಾಲ್' ಎಂಬ ಆಟವಿದೆ. ಕಂಪ್ಯೂಟರಿನ ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಒಬ್ಬರು ನೀವು. ಉಳಿದಿಬ್ಬರು ಬೇರೆ ಕೋಣೆಯಲ್ಲಿ ಕೂತ ಮನುಷ್ಯರು ಎಂದು ನಿಮಗೆ ಹೇಳಿರುತ್ತಾರೆ, ನಿಜಕ್ಕೂ ಅದು ಪ್ರೋಗ್ರಾಮು. ಸ್ವಲ್ಪ ಹೊತ್ತಿನ ಮೇಲೆ ನಿಮಗೆ ಚೆಂಡು ಬರುವುದು ನಿಂತರೆ ಯಾರಿಗಾದರೂ ಬೇಜಾರಾಗುತ್ತದೆ. ಜರ್ಮನಿಯಲ್ಲಿ ಬಿಪಿಡಿ ಇರುವ ಹೆಂಗಸರನ್ನು ಕೂರಿಸಿ ಆಡಿಸಿದಾಗ ಕಂಡದ್ದು ಇನ್ನೊಂದು. ಚೆಂಡು ಸಮಪಾಲಿನಲ್ಲಿ ಬರುತ್ತಿದ್ದಾಗಲೂ ಅವರಿಗೆ ತಮ್ಮನ್ನು ಹೊರಗಿಟ್ಟಿದ್ದಾರೆ ಎಂದೇ ಅನ್ನಿಸಿತ್ತು.

ಕ್ಯಾಂಟೀನಿಗೆ ಹೋದ ಗೆಳತಿಯನ್ನು ನೆನೆಯಿರಿ. ಅವಳು ವಡೆ ತಂದಳು, ನಿಜ. ಮೂರು ಗಂಟೆ ತಡವಾಗಿ ತಂದಳು. ಆ ಮೂರು ಗಂಟೆ ಇವಳು ಎಲ್ಲಿದ್ದಳು ಎಂಬುದೇ ಕಾಯಿಲೆ.

ಇಂಥ ಮನಸ್ಸು ಹೇಗೆ ತಯಾರಾಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ವಂಶವಾಹಿಯ ಪಾಲು ಸುಮಾರು ಅರ್ಧದಷ್ಟಿರಬಹುದೆಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ ಕಂಡವರು ಇವರಲ್ಲಿ ಬಹಳ. ಹಾಗೆಂದು ಎಲ್ಲರೂ ಕಂಡಿರಬೇಕೆಂದಿಲ್ಲ. ಮಗಳಿಗೆ ಬಿಪಿಡಿ ಅಂದಕೂಡಲೇ ತಾಯಿಯ ಕಡೆ ಬೆರಳು ತೋರಿಸುವ ಚಟ ನಮಗಿದೆ, ಅದನ್ನು ಬಿಡಬೇಕು. ನನಗೆ ಹೆಚ್ಚು ಒಪ್ಪಿತವಾದ ವಿವರಣೆ ಹೀಗೆ: ಹುಟ್ಟಾ ಚರ್ಮ ತೆಳುವಾದ ಮನಸ್ಸು, ಅದರ ಮಾತನ್ನು ನಂಬದ ಮನೆ, ಇವೆರಡೂ ಒಂದನ್ನೊಂದು ಕೆರೆಯುತ್ತ ವರ್ಷಗಟ್ಟಲೆ ಸಾಗುವುದು.

ನಂಬದ ಮನೆ ಎಂದರೆ ಕ್ರೂರ ಮನೆಯಾಗಬೇಕಿಲ್ಲ. ಮಗು "ಚಳಿ" ಅನ್ನುತ್ತದೆ, ಅಮ್ಮ "ಚಳಿಯೇನಿಲ್ಲ, ಸುಮ್ಮನಿರು" ಅನ್ನುತ್ತಾಳೆ. "ಹಸಿವು" ಅಂದರೆ "ಈಗ ತಾನೇ ತಿಂದೆಯಲ್ಲ". "ಆ ಮಾಮ ಇಷ್ಟ ಇಲ್ಲ" ಅಂದರೆ "ಹಾಗೆಲ್ಲ ಅನ್ನಬಾರದು, ಹೋಗು, ಮಾತಾಡಿಸು". ಅತ್ತರೆ "ಇಷ್ಟಕ್ಕೆಲ್ಲ ಅಳ್ತಾರಾ?" ನಾವೆಲ್ಲ ಬೆಳೆದದ್ದು ಹೀಗೆಯೇ ಅಲ್ಲವೇ ಅಂದರೆ, ಹೌದು. ದಪ್ಪ ಚರ್ಮದವರು ಪಾರಾದೆವು. ತೆಳು ಚರ್ಮದ ಮಗು ಇದರಿಂದ ಒಂದು ಪಾಠ ಕಲಿಯುತ್ತದೆ. ಚಳಿ ಇದೆಯೋ ಇಲ್ಲವೋ ಎಂದು ತಿಳಿಯಲು ತನ್ನ ಮೈಯನ್ನು ಕೇಳಿ ಉಪಯೋಗವಿಲ್ಲ, ಅಮ್ಮನ ಮುಖ ನೋಡಬೇಕು. ಇಪ್ಪತ್ತು ವರ್ಷದ ಮೇಲೆ ಅದೇ ಮಗು ತಾನು ಒಳ್ಳೆಯವಳೋ ಕೆಟ್ಟವಳೋ ಎಂದು ತಿಳಿಯಲು ಮ್ಯಾನೇಜರಿನ ಮುಖ ನೋಡುತ್ತದೆ.

ಉತ್ತಮ ಪುರುಷ

ಮೇಲಿನ ವಿವರಣೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅವರದು. ಸುಟ್ಟ ಗಾಯದ ರೋಗಿಯ ಮೈಗೆ ಗಾಳಿ ಸೋಕಿದರೂ ಉರಿಯುವ ಹಾಗೆ ಇವರ ಭಾವಕ್ಕೆ ಚರ್ಮವೇ ಇಲ್ಲ ಎಂಬರ್ಥದ ಮಾತು ಹೇಳಿದವರೂ ಅವರೇ. ಅದು ಅವರಿಗೆ ಎಷ್ಟು ಹತ್ತಿರದಿಂದ ಗೊತ್ತಿತ್ತು ಎಂಬುದು ಲೋಕಕ್ಕೆ ತಿಳಿದದ್ದು 2011ರ ಜೂನ್‌ನಲ್ಲಿ, ಅವರಿಗೆ 68 ತುಂಬಿದ ಮೇಲೆ.

ಒಕ್ಲಹೋಮ ರಾಜ್ಯದ ಟಲ್ಸಾ ಊರಿನವರು, ಆರು ಮಕ್ಕಳಲ್ಲಿ ಮೂರನೆಯವರು. ಓದಿನಲ್ಲಿ ಮುಂದು, ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದರು. 1961ರ ಮಾರ್ಚಿನಲ್ಲಿ, ಹದಿನೇಳನೆಯ ವಯಸ್ಸಿಗೆ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವ ಹುಡುಗಿಗೆ ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ನುಂಗಿಸಿದರು, ಕರೆಂಟು ಕೊಟ್ಟರು. ಒಂದು ಮಂಚ, ಒಂದು ಕುರ್ಚಿ, ಸರಳು ಹಾಕಿದ ಪುಟ್ಟ ಕಿಟಕಿ ಇದ್ದ ಕೋಣೆಯಲ್ಲಿ ಒಂಟಿಯಾಗಿ ಇರಿಸಿದರು. 26 ತಿಂಗಳ ಬಳಿಕ ಕಳಿಸಿಕೊಡುವಾಗ ಬರೆದ ಟಿಪ್ಪಣಿ, ಆಸ್ಪತ್ರೆಯ ಅತ್ಯಂತ ಕದಡಿದ ರೋಗಿಗಳಲ್ಲಿ ಈಕೆಯೂ ಒಬ್ಬಳಾಗಿದ್ದಳು ಎಂದಿತು.

ಆಮೇಲಿನ ಬದುಕು ಚಿಕಾಗೊದಲ್ಲಿ. ವೈಎಂಸಿಎಯಲ್ಲಿ ಒಂದು ಕೋಣೆ, ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಗುಮಾಸ್ತೆ ಕೆಲಸ, ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಸಂಜೆ ಪಾಠ. ಕ್ಯಾಥೊಲಿಕ್ ಹೆಣ್ಣುಮಗಳು, ಪ್ರಾರ್ಥನಾ ಮಂದಿರವೊಂದಕ್ಕೆ ಹೋಗಿ ಕೂರುತ್ತಿದ್ದರು. 1967ರ ಒಂದು ರಾತ್ರಿ ಶಿಲುಬೆಯ ಮುಂದೆ ಮಂಡಿಯೂರಿದ್ದಾಗ ಇಡೀ ಜಾಗ ಬಂಗಾರದ ಬೆಳಕಾದಂತೆ ಕಂಡಿತಂತೆ. ಎದ್ದು ಕೋಣೆಗೆ ಓಡಿಹೋಗಿ ತನಗೆ ತಾನೇ, ನಾನು ನನ್ನನ್ನು ಪ್ರೀತಿಸುತ್ತೇನೆ ಎಂದು ಹೇಳಿಕೊಂಡರಂತೆ. ಬೆಳಕಿನ ಮಾತು ಬಿಡಿ, ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನ್ನನ್ನು ತಡೆದು ನಿಲ್ಲಿಸಿದ್ದು ಆ ನೆನಪಿಗೆ ಅವರು ಅಂಟಿಸಿದ ಒಂದು ಸಣ್ಣ ವಿವರ. ತನ್ನ ಜೊತೆ ತಾನು 'ನಾನು' ಎಂದು ಮಾತಾಡಿದ್ದು ಅವರ ನೆನಪಿನಲ್ಲಿ ಅದೇ ಮೊದಲು.

ಹೌದಲ್ಲ ಎನ್ನಿಸಿತು. ಕನ್ನಡಿಯ ಮುಂದೆ ನಿಂತ ಅವಳೂ ತನ್ನನ್ನು 'ನೀನು' ಎಂದೇ ಬೈದುಕೊಂಡಿದ್ದಳು. ನಿನ್ನ ಜನ್ಮಕ್ಕಿಷ್ಟು, ನಿನ್ನ ಮುಖಕ್ಕೆ, ನಿನ್ನಂಥವಳಿಗೆ. ಬೈಯುವವಳ ದನಿ ಬೇರೆ ಯಾರದೋ, ಬೈಸಿಕೊಳ್ಳುವವಳು ತಾನು. ಶಾಲೆಯ ವ್ಯಾಕರಣದಲ್ಲಿ ನಾವು 'ನಾನು' ಎಂಬುದಕ್ಕೆ ಉತ್ತಮ ಪುರುಷ, 'ನೀನು' ಎಂಬುದಕ್ಕೆ ಮಧ್ಯಮ ಪುರುಷ ಎಂದು ಬಾಯಿಪಾಠ ಮಾಡಿದ್ದೆವು. ಆ 'ಉತ್ತಮ' ಬರೀ ವ್ಯಾಕರಣದ ಮಾತು ಎಂದು ಇಷ್ಟು ದಿನ ತಿಳಿದಿದ್ದೆ.

ನಮ್ಮ ನಾಡಿನಲ್ಲಿ 'ನಾನು' ಎಂಬುದರ ಹೆಸರು ಮೊದಲಿನಿಂದಲೂ ಕೆಟ್ಟಿದೆ. ವೈಕುಂಠಕ್ಕೆ ಯಾರು ಹೋಗಬಲ್ಲರೆಂದು ವ್ಯಾಸರಾಯರು ಕೇಳಿದಾಗ ಕನಕದಾಸರು, ನಾನು ಹೋದರೆ ಹೋಗಬಹುದು ಎಂದ ಕತೆ ಎಲ್ಲರಿಗೂ ಗೊತ್ತು. ನಾನೆಂಬುದು ಅಳಿದರೆ ಮಾತ್ರ ಎಂಬ ಶ್ಲೇಷೆ. ಹರಿಕತೆಯಲ್ಲಿ, ಪ್ರವಚನದಲ್ಲಿ, ಮದುವೆ ಮನೆಯ ಹರಟೆಯಲ್ಲಿ ಇದನ್ನು ಕೇಳಿ ತಲೆದೂಗಿದ್ದೇವೆ. ಅಳಿಯಬೇಕಾದರೆ ಮೊದಲು ಇರಬೇಕಲ್ಲ? ಅವಳು ಒಮ್ಮೆ ಸತ್ಸಂಗವೊಂದಕ್ಕೆ ಹೋಗಿ, ಅಹಂಕಾರ ಬಿಡಿ ಎಂಬ ಉಪನ್ಯಾಸ ಕೇಳಿ, ಮನೆಗೆ ಬಂದು ಮೂರು ದಿನ ಊಟ ಬಿಟ್ಟಳು. ಉಪನ್ಯಾಸಕರ ತಪ್ಪೇನಿಲ್ಲ. ಆ ಮಾತು ತುಂಬಿದ ಕೊಡಕ್ಕೆ ಹೇಳಿದ್ದು.

'ಸ್ವಾಭಿಮಾನ'ದ ಕತೆಯೂ ಇಂಥದ್ದೇ. ಸೆಲ್ಫ್ ಎಸ್ಟೀಮ್ ಎಂಬುದಕ್ಕೆ ನಾವು ಅದನ್ನೋ ಆತ್ಮಗೌರವವನ್ನೋ ಇಟ್ಟುಕೊಂಡಿದ್ದೇವೆ. ಕನ್ನಡದಲ್ಲಿ ಸ್ವಾಭಿಮಾನಿ ಎಂದರೆ ಯಾರೆದುರೂ ಕೈಚಾಚದವನು, ಬಗ್ಗದವನು. ಎದುರಿಗೆ ಯಾರೋ ಇದ್ದಾಗ ಮಾತ್ರ ಕಾಣುವ ಗುಣ ಅದು. ಕೋಣೆಯಲ್ಲಿ ಯಾರೂ ಇಲ್ಲದಾಗ ನನ್ನ ಕಣ್ಣಿನಲ್ಲಿ ನನಗೆಷ್ಟು ಬೆಲೆ ಎಂಬುದಕ್ಕೆ ನಮ್ಮಲ್ಲಿ ಬಿಡಿ ಪದ ನನಗೆ ತೋಚುತ್ತಿಲ್ಲ. ಬಿಪಿಡಿ ಇರುವವರಿಗೆ ಅತಿ ಕಷ್ಟದ ಹೊತ್ತು ಆ ಖಾಲಿ ಕೋಣೆಯದೇ.

ಹೊಗಳಿಕೆ ಯಾಕೆ ಹತ್ತುವುದಿಲ್ಲ

ಬೆಲೆ ಕಮ್ಮಿಯೆಂದುಕೊಂಡವರನ್ನು ಹೊಗಳಿದರಾಯಿತು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಮದ್ದು. ಕ್ಯಾಲಿಫೋರ್ನಿಯಾ ರಾಜ್ಯ ಸರ್ಕಾರ 1986ರಲ್ಲಿ ಆತ್ಮಗೌರವಕ್ಕೆಂದೇ ಒಂದು ಕಾರ್ಯಪಡೆ ರಚಿಸಿತ್ತು. ಅಪರಾಧ, ಮಾದಕ ವ್ಯಸನ, ಶಾಲೆ ಬಿಡುವುದು ಎಲ್ಲಕ್ಕೂ ಇದೇ ಲಸಿಕೆಯಾದೀತೆಂಬ ಆಸೆ. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು ರಾಶಿ ಅಧ್ಯಯನಗಳನ್ನು ಜರಡಿ ಹಿಡಿದು ನೋಡಿದಾಗ, ಆತ್ಮಗೌರವವನ್ನು ಸುಮ್ಮನೆ ಉಬ್ಬಿಸಿದರೆ ಓದಾಗಲಿ ನಡತೆಯಾಗಲಿ ಸುಧಾರಿಸುತ್ತದೆ ಎನ್ನಲು ಆಧಾರ ಸಿಗಲಿಲ್ಲ. ತಮ್ಮನ್ನು ಕೀಳೆಂದು ಎಣಿಸುವವರು ಹೊಗಳುವವರಿಗಿಂತ ತಮ್ಮ ಎಣಿಕೆಯನ್ನು ಒಪ್ಪುವವರ ಬಳಿಯೇ ಸರಿಯುತ್ತಾರೆ ಎಂದು ವಿಲಿಯಂ ಸ್ವಾನ್ ಅವರ ಪ್ರಯೋಗಗಳು ತೋರಿಸಿವೆ. ಹೊಗಳಿದವರು ತಮ್ಮನ್ನು ಸರಿಯಾಗಿ ನೋಡಿಲ್ಲ, ನೋಡಿದ ದಿನ ಬಿಟ್ಟುಹೋಗುತ್ತಾರೆ ಎಂಬ ದಿಗಿಲು ಅದರ ಹಿಂದಿದ್ದರೆ ಆಶ್ಚರ್ಯವೇನಿಲ್ಲ.

ಹೊಗಳಿಕೆಯೇ ಮದ್ದಾಗಿದ್ದರೆ ಬ್ರ್ಯಾಂಡನ್ ಮಾರ್ಷಲ್ ಎಂಬಾತನಿಗೆ ಈ ಕಾಯಿಲೆ ಹತ್ತಿರವೂ ಸುಳಿಯಬಾರದಿತ್ತು. ಆತ ಆಗ ಅಮೆರಿಕನ್ ಫುಟ್‌ಬಾಲಿನ ತಾರೆ, ವಾರವಾರವೂ ಕ್ರೀಡಾಂಗಣ ತುಂಬ ಚಪ್ಪಾಳೆ. ಲಿನೆಹನ್ ಬಾಯಿಬಿಟ್ಟ ಮರುತಿಂಗಳು, 2011ರ ಜುಲೈ ಕೊನೆಯಲ್ಲಿ, ಪತ್ರಕರ್ತರನ್ನು ಕರೆದು ತನಗೆ ಬಿಪಿಡಿ ಇದೆ, ಬೋಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದೆ ಎಂದ. ಕನಸಿನಂಥ ಮನೆ, ಕಾರು, ಹೆಂಡತಿ ಎಲ್ಲ ಇದ್ದೂ ಒಂದನ್ನೂ ಅನುಭವಿಸಲಾಗಲಿಲ್ಲ ಎಂಬುದು ಆತನ ಮಾತಿನ ಸಾರ. ನಮ್ಮ ಅಕ್ಕ ಅಲ್ಲಿದ್ದಿದ್ದರೆ ನಿನಗೇನು ಕಮ್ಮಿ ಅನ್ನುತ್ತಿದ್ದಳು.

ಹಾಗಾದರೆ ಯಾವುದು ಹತ್ತುತ್ತದೆ? ಇಲ್ಲಿ ಲಿನೆಹನ್ ಮೊದಲು ಸೋತ ಕತೆಯೇ ಉಪಯುಕ್ತ. ನಡವಳಿಕೆ ಬದಲಿಸಿಕೊಳ್ಳಿ ಎಂದು ಹೇಳಿದರೆ ರೋಗಿಗಳು, ನನ್ನದೇ ತಪ್ಪು ಅಂತೀರಾ ಎಂದು ಎದ್ದು ಹೋಗುತ್ತಿದ್ದರು. ಬದಲಾಗುವುದು ಬೇಡ, ಇದ್ದ ಹಾಗೇ ಒಪ್ಪಿಕೊಳ್ಳೋಣ ಅಂದರೆ, ಹಾಗಾದರೆ ನನ್ನ ನರಳಾಟಕ್ಕೆ ಕೊನೆಯೇ ಇಲ್ಲವೇ ಎಂದು ಕಂಗಾಲಾಗುತ್ತಿದ್ದರು. ಎರಡನ್ನೂ ಒಟ್ಟಿಗೆ ಹಿಡಿಯುವ ಪದ್ಧತಿಗೆ ಅವರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಡಿಬಿಟಿ, ಎಂದು ಹೆಸರಿಟ್ಟರು. ಒಪ್ಪಿಕೊಳ್ಳುವ ಪಾಠಕ್ಕಾಗಿ ಸ್ವತಃ ಝೆನ್ ಗುರುಗಳ ಬಳಿ ಕೂತು ಬಂದರು. 1991ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ, ಈ ಚಿಕಿತ್ಸೆ ಪಡೆದವರು ತಮಗೆ ಹಾನಿ ಮಾಡಿಕೊಂಡದ್ದು ಕಡಿಮೆ, ಅರ್ಧಕ್ಕೆ ಬಿಟ್ಟುಹೋದದ್ದು ಕಡಿಮೆ, ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಿಮೆ.

ಸಿದ್ಧಾಂತ ದೊಡ್ಡದು, ಕೆಲಸ ಮಾತ್ರ ಹೊಲಿಗೆ ಕಲಿತ ಹಾಗೆ. ಉಕ್ಕಿ ಬರುವ ಭಾವದ ಬೆನ್ನು ಹತ್ತದೆ ಅದನ್ನು ಹೆಸರಿಟ್ಟು ಕರೆಯುವುದು. ತಡೆಯಲಾಗದ ಹೊತ್ತಿನಲ್ಲಿ ಮುಖವನ್ನು ತಣ್ಣೀರಿಗೆ ಒಡ್ಡುವುದು. ದಿನಕ್ಕೊಂದು ಕೆಲಸ, ಸ್ವಲ್ಪ ಕಷ್ಟವಾದರೂ ಕೈಗೆ ನಿಲುಕುವಂಥದ್ದು, ಮಾಡಿ ಮುಗಿಸುವುದು. ಈ ಕೊನೆಯದರ ಗುಟ್ಟು ಅವಳಿಗೆ ಅರ್ಥವಾದದ್ದು ಅಡುಗೆಮನೆಯಲ್ಲಿ. ಕೌನ್ಸೆಲರ್ ಹೇಳಿದ್ದಕ್ಕೆ ಒಂದು ತಿಂಗಳು ದಿನವೂ ರೊಟ್ಟಿ ತಟ್ಟಿದಳು. ಮೊದಲ ವಾರದವು ಯಾವ ದೇಶದ ನಕ್ಷೆ ಎಂದು ಹೇಳುವಂತಿರಲಿಲ್ಲ. ಮೂರನೆಯ ವಾರ ಒಂದು ರೊಟ್ಟಿ ಹಂಚಿನ ಮೇಲೆ ಪುರಿಯಂತೆ ಉಬ್ಬಿತು. ಮನೆಯಲ್ಲಿ ಯಾರೂ ಇರಲಿಲ್ಲ. "ಫೋಟೊ ತೆಗೆದು ಯಾರಿಗಾದ್ರೂ ಕಳಿಸೋಣ ಅನ್ನಿಸ್ತು. ಕಳಿಸಲಿಲ್ಲ. ತಿಂದೆ" ಅಂದಳು.

ಡಿಬಿಟಿಯಲ್ಲಿ ಆತ್ಮಗೌರವಕ್ಕೆಂದೇ ಒಂದು ಪಾಠವಿದೆ, ನಾಲ್ಕು ಇಂಗ್ಲಿಷ್ ಅಕ್ಷರ ಸೇರಿಸಿ 'ಫಾಸ್ಟ್' ಅನ್ನುತ್ತಾರೆ. ಎದುರಿನವರಿಗೆ ನ್ಯಾಯವಾಗಿರುವ ಹಾಗೆ ನಿನಗೂ ನ್ಯಾಯವಾಗಿರು. ಸುಮ್ಮಸುಮ್ಮನೆ ಕ್ಷಮೆ ಕೇಳಬೇಡ. ನಂಬಿದ್ದನ್ನು ಬಿಡಬೇಡ. ಸುಳ್ಳು ಹೇಳಬೇಡ. ನಾನು ನೋಡಿದ ಮಟ್ಟಿಗೆ ಎರಡನೆಯದೇ ಎಲ್ಲಕ್ಕಿಂತ ಕಷ್ಟ. ಅವಳು ಫ್ಯಾನು ಹಾಕಲು ಸಾರಿ, ನೀರು ಕೇಳಲು ಸಾರಿ, ಸಾರಿ ಹೇಳಿದ್ದಕ್ಕೂ ಸಾರಿ.

ಔಷಧಿಯ ಬಗ್ಗೆ ಎರಡು ಮಾತು ಸಾಕು. ಬಿಪಿಡಿಗೆಂದೇ ಇರುವ ಮಾತ್ರೆ ಇಲ್ಲ. ಜೊತೆಗೆ ಬರುವ ಖಿನ್ನತೆಗೋ ಆತಂಕಕ್ಕೋ ವೈದ್ಯರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ತಾವಾಗಿ ನಿಲ್ಲಿಸಬಾರದು. ಬಾಲ್ಯದ ಅಭಾವಗಳನ್ನು ಹಿಡಿದು ಹೋಗುವ ಸ್ಕೀಮಾ ಥೆರಪಿ, ಇನ್ನೊಬ್ಬರ ಮನಸ್ಸನ್ನು ಊಹಿಸುವ ಮೊದಲು ನಿಂತು ನೋಡಲು ಕಲಿಸುವ ಮೆಂಟಲೈಸೇಶನ್ ಪದ್ಧತಿ, ಇವಕ್ಕೂ ಒಳ್ಳೆಯ ಸಾಕ್ಷ್ಯವಿದೆ.

ಈ ಕಾಯಿಲೆ ವಾಸಿಯಾಗುವುದಿಲ್ಲ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ತಪ್ಪು. ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ 1992ರಲ್ಲಿ ಆರಂಭಿಸಿದ ಅಧ್ಯಯನ 290 ರೋಗಿಗಳ ಬೆನ್ನುಹತ್ತಿ ಹೋಯಿತು. ಹತ್ತು ವರ್ಷಗಳಲ್ಲಿ ಶೇ 93 ಮಂದಿಗೆ ಕನಿಷ್ಠ ಎರಡು ವರ್ಷ ಲಕ್ಷಣಗಳು ಇಳಿದಿದ್ದವು. ಲಕ್ಷಣ ಇಳಿಯುವುದರ ಜೊತೆಗೆ ಒಂದು ಕೆಲಸ, ಒಂದು ಗಟ್ಟಿ ಸಂಬಂಧ ದಕ್ಕಿದವರು ಮಾತ್ರ ಅರ್ಧದಷ್ಟು. ಬಿರುಗಾಳಿ ನಿಂತಮೇಲೆ ಮನೆಯ ಹೆಂಚು ಹೊದಿಸಲು ಇನ್ನಷ್ಟು ವರ್ಷ ಬೇಕಾಗುತ್ತದೆ.

ನಮ್ಮಲ್ಲಿ ಹೆಂಚು ಹೊದಿಸುವವರೇ ಕಡಿಮೆ. ಲಿನೆಹನ್ ಹೇಳಿದ ಪೂರ್ಣ ಡಿಬಿಟಿ ಎಂದರೆ ವಾರಕ್ಕೊಮ್ಮೆ ಚಿಕಿತ್ಸಕರೊಡನೆ ಒಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ, ನಡುವೆ ಸಂಕಟ ಬಂದಾಗ ಫೋನು, ಚಿಕಿತ್ಸಕರು ತಮ್ಮತಮ್ಮಲ್ಲೇ ಸೇರುವ ಸಭೆ, ಹೀಗೆ ಒಂದು ವರ್ಷ. ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಒಬ್ಬರಿಗೆ ಎಷ್ಟು ನಿಮಿಷ ಸಿಗುತ್ತದೆಂದು ನಿಂತವರಿಗೆ ಗೊತ್ತು. ಖಾಸಗಿಯಲ್ಲಿ ಒಂದೊಂದು ಗಂಟೆಗೂ ಬಿಲ್ಲು. ಬೇಸರದ ಸಂಗತಿಯೆಂದರೆ ಈ ರೋಗಿಗಳ ಬಗ್ಗೆ ಆಸ್ಪತ್ರೆಯ ಒಳಗೇ ಇರುವ ತಾತ್ಸಾರ. ಒಂದು ರಾತ್ರಿ ಅಂಥವಳೊಬ್ಬಳ ಜೊತೆ ಎಮರ್ಜೆನ್ಸಿಯಲ್ಲಿ ಕೂತಿದ್ದೆ. ಗಾಯಕ್ಕೆ ಬ್ಯಾಂಡೇಜು ಸುತ್ತುತ್ತಿದ್ದವರು ಅವಳಿಗೆ ಕೇಳಿಸುವಂತೆಯೇ, "ಇದೆಲ್ಲ ನಾಟಕ, ಗಮನ ಸೆಳೆಯೋಕೆ" ಅಂದರು. ಗಮನ ಬೇಕಾಗಿತ್ತು, ನಿಜ. ಹಸಿದವರು ಅನ್ನ ಬೇಕೆಂದರೆ ನಾಟಕ ಅನ್ನುತ್ತೇವೆಯೇ? ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಕಾನೂನಿನ ಆ ಮರ್ಯಾದೆ ಡ್ರೆಸಿಂಗ್ ಕೋಣೆಗೆ ಇನ್ನೂ ಪೂರ್ತಿ ತಲುಪಿಲ್ಲ.

ತಲುಪಿರುವುದು ಒಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ದೇಶಕ್ಕೆಲ್ಲ ಆರಂಭವಾದ ಟೆಲಿ ಮಾನಸ್. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವಳ ಫೋನಿನಲ್ಲಿ ಆ ನಂಬರು 'ರಾತ್ರಿ ಅಕ್ಕ' ಎಂಬ ಹೆಸರಿನಲ್ಲಿದೆ.

ನಿಜವಾದ ಅಕ್ಕನೂ ಬದಲಾಗಿದ್ದಾಳೆ. ನಿನಗೇನು ಕಮ್ಮಿ ಎಂದು ಕೇಳುವುದನ್ನು ಬಿಟ್ಟಿದ್ದಾಳೆ. ಹೊಗಳುವುದೂ ಇಲ್ಲ. "ಅವಳು ಕರೆಯದೆ ಹೋದಾಗ ಹೊಟ್ಟೇಲಿ ಹೇಗಾಯ್ತೇ?" ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾಳೆ. ಕೆಲವು ದಿನ ಅಕ್ಕನಿಗೂ ಸಾಕಾಗುತ್ತದೆ, "ನಾಳೆ ಮಾತಾಡೋಣ, ನಂಗೆ ನಿದ್ದೆ ಬರ್ತಿದೆ, ಬಿಟ್ಟುಹೋಗ್ತಿಲ್ಲ" ಎಂದು ಹೇಳಿ ಇಡುತ್ತಾಳೆ. ಕೊನೆಯ ಪದವನ್ನು ಮರೆಯುವುದಿಲ್ಲ.

ಕಳೆದ ತಿಂಗಳು ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅವಳಿಗೆ ಅಂದು ಗುಂಪಿನ ಪಾಠ. ಮೊದಲಾಗಿದ್ದರೆ ಪಾಠ ಬಿಟ್ಟು ಪೂಜೆಗೆ ಹೋಗಿ ಎಲ್ಲರ ಎಲೆಗೂ ಬಡಿಸಿ ರಾತ್ರಿ ಕುಸಿಯುತ್ತಿದ್ದಳು, ಇಲ್ಲವೇ ಹತ್ತು ಸಾರಿ ಕಳಿಸಿ ಫೋನು ಆಫ್ ಮಾಡುತ್ತಿದ್ದಳು. ಈ ಸಲ ನನ್ನ ಎದುರಿಗೇ ಮೆಸೇಜು ಬರೆದಳು. ಮೊದಲು "ಸಾರಿ ಅಕ್ಕ" ಎಂದು ಹೊಡೆದು, ಅಳಿಸಿದಳು. ಮತ್ತೆ ಹೊಡೆದು, ಮತ್ತೆ ಅಳಿಸಿದಳು. ಕೊನೆಗೆ ಹೋದದ್ದು ಇಷ್ಟೆ: "ಅಕ್ಕ, ಭಾನುವಾರ ನನಗೆ ಕ್ಲಾಸಿದೆ. ಬರೋಕಾಗಲ್ಲ. ಪ್ರಸಾದ ಎತ್ತಿಡು."

ಫೋನನ್ನು ಮಗುಚಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಏಳೆಂಟು ನಿಮಿಷ ಆಗಿರಬೇಕು. ಟಿಂಗ್ ಅಂದಿತು. ತಕ್ಷಣ ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡು ನೋಡಿ ನನ್ನ ಕಡೆ ಹಿಡಿದಳು.

"ಸರಿ" ಎಂದಿತ್ತು, ಅಷ್ಟೆ. ಚಿತ್ರವಿಲ್ಲ, ಚುಕ್ಕಿಯೂ ಇಲ್ಲ.

"ಸಾರಿಗೂ ಸರಿಗೂ ಒಂದೇ ದೀರ್ಘ ವ್ಯತ್ಯಾಸ ನೋಡಿ" ಅಂದು, ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು.